ಕಟ್ಟಿಸಿದವರು ಮತ್ತು ಕಟ್ಟಿದವರು

ಬಂಕಾಪುರದ ಕೋಟೆ ನೋಡಲು ಹೋದವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ. ಇದನ್ನು ಕಟ್ಟಿಸಿದವರು ಯಾರು? ಕೆಡವಿಸಿದವರು ಯಾರು? ಪಠ್ಯಪುಸ್ತಕ, ಗೆಜೆಟಿಯರು, ಊರ ಹಿರಿಯರು ಎಲ್ಲರೂ ಈ ಎರಡಕ್ಕೆ ಉತ್ತರ ಇಟ್ಟುಕೊಂಡೇ ಕೂತಿರುತ್ತಾರೆ. ಒಮ್ಮೆ ವಿದ್ಯಾರ್ಥಿಗಳ ಜೊತೆ ಹೋದಾಗ ನಾನೂ ಅದನ್ನೇ ಒಪ್ಪಿಸುತ್ತಿದ್ದೆ. ಹಿಂದೆ ನಿಂತಿದ್ದ ಹುಡುಗನೊಬ್ಬ, "ಸರ, ಕಟ್ಟಿಸಿದವರ ಹೆಸರು ಗೊತ್ತಾತು. ಕಟ್ಟಿದವರು ಯಾರ್ರಿ?" ಅಂದ. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ, ಉತ್ತರವೂ ಬರಲಿಲ್ಲ.

ಕಟ್ಟು ಎಂಬುದು ಕೂಲಿಯವನ ಕ್ರಿಯೆ, ಕಟ್ಟಿಸು ಎಂಬುದು ದೊರೆಯ ಕ್ರಿಯೆ. ಈ 'ಇಸು' ಎಂಬ ಪುಟ್ಟ ಪ್ರತ್ಯಯದಲ್ಲಿ ಅಧಿಕಾರ ಅಡಗಿ ಕೂತಿದೆ. ಕಟ್ಟಿಸಿದ, ಅಗೆಸಿದ, ಕೆಡವಿಸಿದ, ಹೊರಿಸಿದ. ನಮ್ಮ ಸ್ಮಾರಕಗಳ ಚರಿತ್ರೆಯೆಲ್ಲ ಬಹುಮಟ್ಟಿಗೆ ಈ 'ಇಸು'ವಿನಲ್ಲೇ ಬರೆದದ್ದು. ದಲಿತ ವಿಮರ್ಶೆ ಕಥೆ, ಕಾವ್ಯಗಳನ್ನು ಓದಿದಷ್ಟು ಗಂಭೀರವಾಗಿ ಈ ಕಲ್ಲುಗಳನ್ನೂ ಓದಬೇಕಾಗಿದೆ.

ಬಂಕಾಪುರವನ್ನೇ ತೆಗೆದುಕೊಳ್ಳೋಣ. 1565ರಲ್ಲಿ ವಿಜಯನಗರ ಸೋತ ಮೇಲೆ, 1570ರ ದಶಕದಲ್ಲಿ ಬಿಜಾಪುರದ ಒಂದನೇ ಅಲಿ ಆದಿಲ್‌ಶಾಹನ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತು. ಮುತ್ತಿಗೆ ವರ್ಷಕ್ಕೂ ಮೀರಿ ನಡೆಯಿತು. ಮುಂದೆ ಬಿಜಾಪುರದ ಆಸ್ಥಾನದಲ್ಲಿ ಕೂತು ಚರಿತ್ರೆ ಬರೆದ ಫರಿಶ್ತಾ, ಕೋಟೆ ಬಿದ್ದ ಮೇಲೆ ಒಳಗಿನ ಭವ್ಯ ಗುಡಿಯೊಂದನ್ನು ಸುಲ್ತಾನ ಕೆಡವಿಸಿದ, ಆ ಜಾಗದಲ್ಲಿ ಮಸೀದಿಗೆ ತಾನೇ ಮೊದಲ ಕಲ್ಲು ಇಟ್ಟ ಎನ್ನುತ್ತಾನೆ. ಇವತ್ತಿನ ಕೋಮುವಾದಿ ರಾಜಕಾರಣಕ್ಕೆ ಇದೊಂದೇ ಮಾತು ಸಾಕು. ಆದರೆ ಅದೇ ಕೋಟೆಯೊಳಗೆ ಚಾಳುಕ್ಯರ ಕಾಲದ ನಾಗರೇಶ್ವರ ಗುಡಿ, ಜನ ಅರವತ್ತು ಕಂಬದ ಗುಡಿ ಎನ್ನುವುದು, ಇವತ್ತಿಗೂ ನಿಂತಿದೆ. ಇನ್ನು ಗುಡಿ ಒಡೆಯುವುದು ಒಂದೇ ಮತದವರ ಕಸುಬೂ ಆಗಿರಲಿಲ್ಲ. ಹಿರೇಕೆರೂರು ಸೀಮೆಯ ಅಬ್ಬಲೂರಿಗೆ ಹೋಗಿ ನೋಡಿ. ಏಕಾಂತದ ರಾಮಯ್ಯ ಜಿನಬಿಂಬವನ್ನು ಒಡೆದದ್ದನ್ನು ಅಲ್ಲಿನ ಶಾಸನ ಹೆಮ್ಮೆಯಿಂದಲೇ ಹೇಳುತ್ತದೆ. ಅದಿರಲಿ, ನನ್ನ ಪ್ರಶ್ನೆ ಬೇರೆ. ಗುಡಿ ಬಿದ್ದಾಗ ಕಳೆದುಕೊಂಡವರ ಪಟ್ಟಿಯಲ್ಲಿ, ಆ ಗುಡಿಯ ಹೊಸ್ತಿಲನ್ನೇ ದಾಟಗೊಡದ ಜನರನ್ನು ಸೇರಿಸಲು ಇವರಿಗೆ ಯಾರು ಅಧಿಕಾರ ಕೊಟ್ಟರು?

ಇದಕ್ಕೆ ಎದುರಾಗಿ ನಮ್ಮ ಸೌಹಾರ್ದವಾದಿ ಗೆಳೆಯರು ಸವಣೂರನ್ನು ತೋರಿಸುತ್ತಾರೆ. 1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಆಗ ಮಿಯಾನಾ ಪಠಾಣ ಮನೆತನದ ಅಬ್ದುಲ್ ರವೂಫ್ ಖಾನ್ ಮೊಘಲರಿಂದ ಈ ಸೀಮೆಯನ್ನು ಜಹಗೀರಾಗಿ ಪಡೆದ. ಮನೆತನದ ಗಾದಿ ಬಂಕಾಪುರದಿಂದ ಸವಣೂರಿಗೆ ಬಂತು. ಅದೇ ಸವಣೂರಿನಲ್ಲಿ ಮಾಧ್ವ ಯತಿ ಸತ್ಯಬೋಧತೀರ್ಥರ ಬೃಂದಾವನವಿದೆ, ನವಾಬರು ಅವರಿಗೆ ಗೌರವ ತೋರಿದ ಕಥೆಗಳಿವೆ. ಇವು ಮುಖ್ಯ, ಇಲ್ಲವೆನ್ನುವುದಿಲ್ಲ. ಕೋಮುದ್ವೇಷದ ಕಾಲದಲ್ಲಿ ಇವನ್ನು ಹೇಳಲೇಬೇಕು. ಆದರೆ ಇದೂ ದೊರೆಗೂ ಸ್ವಾಮಿಗೂ ನಡುವಿನ ಮಾತುಕತೆಯೇ. ಈ ಸೌಹಾರ್ದದಲ್ಲಿ ಕೇರಿಗೆ ಕೂರಲು ಜಾಗ ಎಲ್ಲಿದೆ?

ಫರಿಶ್ತಾನ ಬಂಕಾಪುರದ ಕಥನದಲ್ಲಿ ಇನ್ನೊಂದು ಚಿತ್ರವಿದೆ. ಅದನ್ನು ಕೋಮುವಾದಿಗಳೂ ಓದುವುದಿಲ್ಲ, ಸೌಹಾರ್ದವಾದಿಗಳೂ ಓದುವುದಿಲ್ಲ. ಕರ್ನಾಟಕದ ಕಾಲಾಳುಗಳು, ಹಿಡಿಯಬಂದವರ ಕೈಗೆ ಸಿಗದಂತೆ ಬೆತ್ತಲೆ ಮೈಗೆ ಎಣ್ಣೆ ಸವರಿಕೊಂಡು, ರಾತ್ರಿ ಶತ್ರುಪಾಳೆಯಕ್ಕೆ ನುಗ್ಗುತ್ತಿದ್ದರಂತೆ. ಜೀವದ ಹಂಗಿಲ್ಲದ ಜನ ಎಂದು ಆತ ಹೇಳುತ್ತಾನೆ, ಹೆಸರು ಹೇಳುವುದಿಲ್ಲ. ಆ ಕಾಲಾಳು ಪಣಕ್ಕಿಟ್ಟದ್ದು ತನ್ನ ಮೈಯನ್ನೇ. ದೊರೆಯ ಚರಿತ್ರೆಯೊಳಗೆ ಕೆಳಗಿನವನು ಬರುವುದು ಹೀಗೆ: ಹೆಸರಾಗಿ ಅಲ್ಲ, ಬರೀ ಮೈಯಾಗಿ.

ಈ ಚಿತ್ರವನ್ನು ಓದಿದಾಗಲೆಲ್ಲ ನನಗೆ ಸವಣೂರಿನ ಇನ್ನೊಂದು ಮೈ ನೆನಪಾಗುತ್ತದೆ. 2010ರ ಜುಲೈನಲ್ಲಿ ಆ ಊರಿನ ಭಂಗಿ ಸಮುದಾಯದ ಕೆಲವರು ಪುರಸಭೆಯ ಮುಂದೆ ನಿಂತು ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ದಶಕಗಳಿಂದ ಬದುಕಿದ್ದ ಜಾಗದಿಂದ ಅವರನ್ನು ಎಬ್ಬಿಸಿ ಅಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಿಸುವ ಮಾತು ನಡೆದಿತ್ತು. ನೋಡಿ, ಇಲ್ಲಿಯೂ ಅದೇ 'ಕಟ್ಟಿಸು'. ಊರಿನ ಮಲವನ್ನು ಹೊತ್ತವರಿಗೆ ಊರಿನಲ್ಲಿ ನಿಲ್ಲಲು ನೆಲವಿಲ್ಲ. ಅರ್ಜಿ ಕೊಟ್ಟರೆ ಕಾಣದವರು ಮಲ ಸುರಿದುಕೊಂಡಾಗ ರಾಜ್ಯಕ್ಕೆಲ್ಲ ಕಂಡರು. ಆಮೇಲೆ ಮಂತ್ರಿಗಳು, ಮಠಾಧೀಶರು, ಪತ್ರಿಕೆಯವರು ಬಂದರು.

ಈ ಅನಿಷ್ಟವನ್ನು ನವಾಬರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದು 1948ರಲ್ಲಿ. 1970ರ ದಶಕದಲ್ಲಿ ದಲಿತ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಇಷ್ಟೆಲ್ಲ ಆದ ಮೇಲೂ 2010 ಬಂತು. 2013ರಲ್ಲಿ ಮತ್ತೊಂದು ಕಾಯ್ದೆ ಮಾಡಬೇಕಾಯಿತು. ಒಣ ಪಾಯಿಖಾನೆ ಹಿಂದೂವಿನದೂ ಅಲ್ಲ, ಮುಸ್ಲಿಮನದೂ ಅಲ್ಲ. ಅದನ್ನು ಬಳಸಿ ಬಾಗಿಲು ಹಾಕಿಕೊಂಡವರೆಲ್ಲರದು. ಗುಡಿ, ಮಸೀದಿಗಳ ಜಗಳದಲ್ಲಿ ಎದುರುಬದುರು ನಿಲ್ಲುವವರು ಈ ಒಂದು ವಿಷಯದಲ್ಲಿ ಒಂದೇ ಸಾಲಿನಲ್ಲಿ ನಿಂತಿದ್ದರು ಎಂಬುದನ್ನು ನಾವು ಮರೆಯಬಾರದು.

ಹಾಗಾದರೆ ಸ್ಮಾರಕ ನೋಡುವುದು ಬೇಡವೇ? ಬೇಕು. ಹಾನಗಲ್ಲಿನ ತಾರಕೇಶ್ವರ, ಬಂಕಾಪುರದ ಕೋಟೆ, ಸವಣೂರಿನ ಜುಮ್ಮಾ ಮಸೀದಿ ಎಲ್ಲವನ್ನೂ ನೋಡಬೇಕು. ಆ ಉಳಿಗೆಲಸ ನಮ್ಮ ಜನರ ಬೆವರು. ಅದನ್ನು ದೊರೆಗಳಿಗೆ ಬಿಟ್ಟುಕೊಡುವುದೇಕೆ? ಆದರೆ ನೋಡುವ ದಾರಿ ಬೇರೆಯಾಗಬೇಕು. ಕೋಟೆ ನೋಡಿ ಬಸ್ಸು ಹತ್ತುವ ಮುನ್ನ, ಆ ಊರಿನ ಕಸ ಗುಡಿಸುವವರು ಎಲ್ಲಿದ್ದಾರೆ, ಅವರ ಮನೆಗಳಿಗೆ ಹಕ್ಕುಪತ್ರ ಸಿಕ್ಕಿದೆಯೇ ಎಂದು ವಿಚಾರಿಸಬೇಕು. ಅವರು ಹೇಳಲು ಒಪ್ಪಿದರೆ ಅವರ ಹಿರಿಯರ ಹೆಸರು, ಕೆಲಸ, ಕೂಲಿಗಳನ್ನು ಬರೆದುಕೊಳ್ಳಬೇಕು. ಹಾವೇರಿ ಜಿಲ್ಲೆಯ ಚರಿತ್ರೆ ಎಂದು ನಾವು ಪಾಠ ಮಾಡುವುದಾದರೆ ಅದರ ಒಂದು ಅಧ್ಯಾಯ ಅಲ್ಲಿಂದ ಬರಬೇಕು.

ಆ ಹುಡುಗನಿಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಅವನ ಪ್ರಶ್ನೆಯನ್ನು ಮಾತ್ರ ಪ್ರತಿ ವರ್ಷದ ಮೊದಲ ತರಗತಿಯಲ್ಲಿ ಹಲಗೆಯ ಮೇಲೆ ಬರೆಯುತ್ತೇನೆ.