ಜಿಲ್ಲೆ ಕೊಟ್ಟರು, ಓಟು ಕೊಡಲಿಲ್ಲ: ವಿಜಯನಗರದ ಸ್ಥಳೀಯ ಆಡಳಿತಕ್ಕೊಂದು ಕೈಪಿಡಿ

ಬೆಂಗಳೂರಿನ ನನ್ನ ರೂಮ್‌ಮೇಟ್ ಒಮ್ಮೆ ಕೇಳಿದ: "ನಿಮ್ಮ ಜಿಲ್ಲೆಗೆ ಮೇಯರ್ ಯಾರೋ?" ನಮ್ಮ ಜಿಲ್ಲೆಗೆ ಮೇಯರ್ ಇಲ್ಲಪ್ಪ, ಅಧ್ಯಕ್ಷರು ಇರಬೇಕಿತ್ತು, ಅವರೂ ಇಲ್ಲ ಅಂದೆ. ತಮಾಷೆ ಮಾಡ್ತಿದ್ದೀನಿ ಅಂದುಕೊಂಡ. ಅವನಿಗೆ ಹೇಳಿದ ವಿವರವನ್ನೇ ಇಲ್ಲಿ ಸ್ವಲ್ಪ ಓರಣವಾಗಿ ಬರೆದಿದ್ದೇನೆ.

ನಾನು ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯವನು. 2017ರಲ್ಲಿ ನನಗೆ ಹದಿನೆಂಟು ತುಂಬಿತು. ವಿಧಾನಸಭೆ, ಲೋಕಸಭೆ, ಗ್ರಾಮ ಪಂಚಾಯಿತಿ ಎಲ್ಲಕ್ಕೂ ಓಟು ಹಾಕಿದ್ದೇನೆ. ಜಿಲ್ಲಾ ಪಂಚಾಯಿತಿಗೆ ಮಾತ್ರ ಒಮ್ಮೆಯೂ ಹಾಕಿಲ್ಲ. ಯಾಕಂದ್ರೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ.

ಯಾರು ಎಲ್ಲಿ ಆಳುತ್ತಾರೆ?

ಮೇಯರ್ ಇರುವುದು ಮಹಾನಗರ ಪಾಲಿಕೆಗೆ ಮಾತ್ರ. ನಮ್ಮ ಪಕ್ಕದ ಬಳ್ಳಾರಿ, ದಾವಣಗೆರೆಯಲ್ಲಿ ಪಾಲಿಕೆಗಳಿವೆ. ವಿಜಯನಗರ ಜಿಲ್ಲೆಯಲ್ಲಿ ಇಲ್ಲ. ಹೊಸಪೇಟೆಯದು ನಗರಸಭೆ. ಹರಪನಹಳ್ಳಿ, ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿಯವು ಪುರಸಭೆಗಳು. ಕೂಡ್ಲಿಗಿ, ಕೊಟ್ಟೂರು ಪಟ್ಟಣ ಪಂಚಾಯಿತಿಯಾಗಿ ಬೆಳೆದ ಊರುಗಳು. ಇವೆಲ್ಲ 1964ರ ಪುರಸಭೆಗಳ ಕಾಯ್ದೆಯಡಿ ಬರುತ್ತವೆ. ಇವುಗಳ ಮುಖ್ಯಸ್ಥರನ್ನು ಅಧ್ಯಕ್ಷರು ಅಂತ ಕರೆಯುತ್ತಾರೆ, ಸದಸ್ಯರು ತಮ್ಮೊಳಗೇ ಆರಿಸಿಕೊಳ್ಳುತ್ತಾರೆ.

ಹಳ್ಳಿಗಳಿಗೆ ಬೇರೆ ಏಣಿ ಇದೆ: ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ. ಈಗ ಕೆಳಗಿನ ಮೆಟ್ಟಿಲಷ್ಟೇ ಗಟ್ಟಿಯಾಗಿದೆ, ಮೇಲಿನ ಎರಡರಲ್ಲಿ ಚುನಾಯಿತರೇ ಇಲ್ಲ.

ಮದ್ರಾಸಿನಿಂದ ಮೈಸೂರಿಗೆ

ನಮ್ಮ ಭಾಗದ ಕಥೆ ಮೈಸೂರು ಸಂಸ್ಥಾನದ್ದಲ್ಲ, ಹೈದರಾಬಾದಿನದ್ದೂ ಅಲ್ಲ. ಹರಪನಹಳ್ಳಿ, ಜರಿಮಲೆ, ಗುಡೇಕೋಟೆಗಳಲ್ಲಿ ಪಾಳೆಯಗಾರರಿದ್ದರು. 1800ರಲ್ಲಿ ನಿಜಾಮ ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಅಲ್ಲಿಂದ ಒಂದೂವರೆ ಶತಮಾನ ನಮ್ಮ ರಾಜಧಾನಿ ಮದ್ರಾಸು. ಆ ಮದ್ರಾಸು ನಗರಕ್ಕೆ 1688ರಲ್ಲೇ ಮೇಯರ್ ಇದ್ದರು. ಹಡಗಲಿ, ಕೂಡ್ಲಿಗಿ ಕಡೆಯ ರೈತನಿಗೆ ಮಾತ್ರ ಸರ್ಕಾರ ಅಂದ್ರೆ ಕಲೆಕ್ಟರು, ತಹಶೀಲ್ದಾರು.

1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಹೊರಡಿಸಿದ. 1884ರಲ್ಲಿ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆ ಬಂತು. ಜಿಲ್ಲಾ ಬೋರ್ಡು, ತಾಲ್ಲೂಕು ಬೋರ್ಡು, ಯೂನಿಯನ್ ಎಂಬ ಮೂರು ಹಂತಗಳು ಹುಟ್ಟಿದವು. ರಸ್ತೆ, ಶಾಲೆ, ಆಸ್ಪತ್ರೆ ಬೋರ್ಡಿನ ಕೆಲಸ. 1934ರಲ್ಲಿ ಮದ್ರಾಸ್ ಸರ್ಕಾರ ತಾಲ್ಲೂಕು ಬೋರ್ಡುಗಳನ್ನೇ ರದ್ದು ಮಾಡಿತು. ಜನರ ಹತ್ತಿರದ ಹಂತವೊಂದನ್ನು ಮೇಲಿನಿಂದ ತೆಗೆದುಹಾಕುವುದು ಹಾಗಾಗಿ ನಮ್ಮಲ್ಲಿ ಹೊಸತೇನಲ್ಲ.

ಆಂಧ್ರ ರಾಜ್ಯ ಹುಟ್ಟಿದ 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಬಿಟ್ಟು ಉಳಿದ ಬಳ್ಳಾರಿ ಜಿಲ್ಲೆ ಮೈಸೂರು ರಾಜ್ಯ ಸೇರಿತು. ನಾವು ರಾಜ್ಯ ಬದಲಿಸಿದ್ದು ಹಾಗೆ. 1959ರ ಕಾಯ್ದೆಯಿಂದ ತಾಲ್ಲೂಕು ಅಭಿವೃದ್ಧಿ ಮಂಡಳಿಗಳು ಬಂದವು.

ನಜೀರ್ ಸಾಬರ ಕಾಲ

ನಿಜವಾದ ಬದಲಾವಣೆ ಆದದ್ದು 1983ರ ಕಾಯ್ದೆಯಿಂದ. ರಾಮಕೃಷ್ಣ ಹೆಗಡೆ ಸರ್ಕಾರದ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್ ಅದರ ಹಿಂದಿನ ಶಕ್ತಿ. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಅವರನ್ನು 'ನೀರ್ ಸಾಬ್' ಅಂತಲೇ ಕರೆದರು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಶೇ 25 ಮೀಸಲು. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಐಎಎಸ್ ಅಧಿಕಾರಿ ಚುನಾಯಿತ ಅಧ್ಯಕ್ಷರ ಕೆಳಗೆ ಕೆಲಸ ಮಾಡಬೇಕಿತ್ತು.

ಅದು ಹೆಚ್ಚು ದಿನ ಬಾಳಲಿಲ್ಲ. ಅವಧಿ ಮುಗಿದ ಮೇಲೆ ಚುನಾವಣೆ ಬರಲಿಲ್ಲ, ಆಡಳಿತಾಧಿಕಾರಿಗಳು ಬಂದರು. ಇಂಥದ್ದು ಮತ್ತೆ ಆಗದಿರಲಿ ಎಂದೇ ಸಂವಿಧಾನದ 73ನೇ ತಿದ್ದುಪಡಿಯಲ್ಲಿ 243ಇ ವಿಧಿ ಸೇರಿಸಲಾಯಿತು: ಪಂಚಾಯಿತಿಯ ಆಯುಷ್ಯ ಐದೇ ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ಆಗಬೇಕು. 1993ರಲ್ಲಿ ಕರ್ನಾಟಕ ಹೊಸ ಪಂಚಾಯತ್ ರಾಜ್ ಕಾಯ್ದೆ ಮಾಡಿತು. 2010ರಲ್ಲಿ ಮಹಿಳಾ ಮೀಸಲು ಶೇ 50 ಆಯಿತು.

ಗಡಿಗೆರೆಯ ಆಟ

ಈ ನಡುವೆ ಜಿಲ್ಲೆಯ ಗೆರೆಗಳು ಸರಿದಾಡುತ್ತಲೇ ಇದ್ದವು. ಹರಪನಹಳ್ಳಿಯದು ದೊಡ್ಡ ಉದಾಹರಣೆ. 1997ರಲ್ಲಿ ಜೆ.ಎಚ್. ಪಟೇಲರ ಸರ್ಕಾರ ದಾವಣಗೆರೆ ಜಿಲ್ಲೆ ಮಾಡಿದಾಗ ಹರಪನಹಳ್ಳಿಯನ್ನು ಅದಕ್ಕೆ ಸೇರಿಸಿತು. ಬಳ್ಳಾರಿ ನೂರು ಕಿಲೋಮೀಟರಿಗೂ ದೂರ, ದಾವಣಗೆರೆ ಹತ್ತಿರ, ಹಾಗಾಗಿ ಅನುಕೂಲವೇ ಆಯ್ತು. ಆದರೆ ಮುಂದೆ 371ಜೆ ವಿಧಿ ಬಂದಾಗ ಉದ್ಯೋಗ ಮತ್ತು ಶಿಕ್ಷಣದ ಮೀಸಲು ಸಿಕ್ಕಿದ್ದು ಬಳ್ಳಾರಿಯೂ ಸೇರಿ ಆರು ಜಿಲ್ಲೆಗಳಿಗೆ. ದಾವಣಗೆರೆಯಲ್ಲಿದ್ದ ಹರಪನಹಳ್ಳಿ ಹೊರಗುಳಿಯಿತು. ಪಕ್ಕದ ಹಡಗಲಿಯ ಹುಡುಗನಿಗೆ ಇರುವ ಅವಕಾಶ ಹರಪನಹಳ್ಳಿಯ ಹುಡುಗನಿಗಿಲ್ಲ! ಹೋರಾಟ ನಡೆಯಿತು, ಶಾಸಕರಾಗಿದ್ದ ಎಂ.ಪಿ. ರವೀಂದ್ರ ಇದಕ್ಕಾಗಿ ದನಿ ಎತ್ತಿದರು. 2018ರಲ್ಲಿ ತಾಲ್ಲೂಕು ಮರಳಿ ಬಳ್ಳಾರಿಗೆ ಬಂತು. ಅದೇ ವರ್ಷ ಕೊಟ್ಟೂರು ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾಯಿತು.

2020ರ ನವೆಂಬರ್ 18ರಂದು ಯಡಿಯೂರಪ್ಪ ಸಂಪುಟ ವಿಜಯನಗರ ಜಿಲ್ಲೆಗೆ ಒಪ್ಪಿಗೆ ಕೊಟ್ಟಿತು. ಹೊಸಪೇಟೆಯ ಆನಂದ್ ಸಿಂಗ್ ಪಟ್ಟು ಹಿಡಿದಿದ್ದರು, ಬಳ್ಳಾರಿಯಲ್ಲಿ ವಿರೋಧ ಎದ್ದಿತ್ತು. 2021ರ ಫೆಬ್ರವರಿಯಲ್ಲಿ ಅಧಿಸೂಚನೆ ಹೊರಟಿತು, ಅಕ್ಟೋಬರ್ 2ರಂದು ಉದ್ಘಾಟನೆ. ಆರು ತಾಲ್ಲೂಕುಗಳ, ರಾಜ್ಯದ 31ನೇ ಜಿಲ್ಲೆ. ಕೂಡ್ಲಿಗಿಯವರಿಗೆ ಜಿಲ್ಲಾ ಕಚೇರಿ ಹತ್ತಿರ ಬಂತು. ಅದರಲ್ಲಿ ಎರಡು ಮಾತಿಲ್ಲ.

ಹುಟ್ಟಿನಿಂದಲೇ ಖಾಲಿ ಕುರ್ಚಿ

ಆದರೆ 2016ರಲ್ಲಿ ಆರಿಸಿ ಬಂದ ಬಳ್ಳಾರಿ ಜಿಲ್ಲಾ ಪಂಚಾಯಿತಿಯ ಅವಧಿ 2021ರ ಮಧ್ಯಭಾಗದ ಹೊತ್ತಿಗೆ ಮುಗಿಯಿತು. ವಿಜಯನಗರಕ್ಕೆ ಪ್ರತ್ಯೇಕ ಜಿಲ್ಲಾ ಪಂಚಾಯಿತಿ ಬಂತು, ಕಚೇರಿ ಬಂತು, ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಬಂದರು. ಚುನಾವಣೆ ಬರಲಿಲ್ಲ. ನಾನು ಇದನ್ನು ಬರೆಯುತ್ತಿರುವ 2025ರವರೆಗೂ ಈ ಜಿಲ್ಲಾ ಪಂಚಾಯಿತಿ ಒಬ್ಬ ಚುನಾಯಿತ ಅಧ್ಯಕ್ಷರನ್ನೂ ಕಂಡಿಲ್ಲ. ಕೊಟ್ಟೂರು ತಾಲ್ಲೂಕಾದ ಮೇಲೆ ಅಲ್ಲಿನ ತಾಲ್ಲೂಕು ಪಂಚಾಯಿತಿಗೂ ಸಾರ್ವತ್ರಿಕ ಚುನಾವಣೆ ನಡೆದಿಲ್ಲ.

ಕಾರಣ ಕೇಳಿದ್ರೆ ಪಟ್ಟಿಯೇ ಇದೆ. 2021ರಲ್ಲಿ ಸರ್ಕಾರ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಟ್ಟಿತು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಗೆ ಸುಪ್ರೀಂ ಕೋರ್ಟ್ ಹೇಳಿದ ಮೂರು ಹಂತದ ಪರೀಕ್ಷೆಯ ಪ್ರಶ್ನೆ ಬಂತು. ಅದಕ್ಕೆ ನ್ಯಾಯಮೂರ್ತಿ ಭಕ್ತವತ್ಸಲ ಆಯೋಗ ರಚನೆಯಾಗಿ 2022ರಲ್ಲೇ ವರದಿ ಕೊಟ್ಟಿತು. ಮೀಸಲಾತಿ ಪ್ರಶ್ನೆ ಸಣ್ಣದಲ್ಲ, ಹಿಂದುಳಿದವರ ಪಾಲು ಕಳೆದು ಚುನಾವಣೆ ಮಾಡಿ ಅಂತ ನಾನು ಹೇಳಲಾರೆ. ಆದರೆ ಈ ಅವಧಿಯಲ್ಲಿ ಬಿಜೆಪಿಯೂ ಆಳಿದೆ, ಕಾಂಗ್ರೆಸ್ಸೂ ಆಳಿದೆ. ಎರಡಕ್ಕೂ ಖಾಲಿ ಕುರ್ಚಿ ಅನುಕೂಲವೇ.

ಪಟ್ಟಣಗಳದ್ದೂ ಇದೇ ಹಾಡು. 2018 ಮತ್ತು 2019ರಲ್ಲಿ ರಾಜ್ಯದ ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಆರಿಸಿ ಬಂದವರು ಅಧ್ಯಕ್ಷ ಸ್ಥಾನದ ಮೀಸಲಾತಿ ತಕರಾರಿನಿಂದ 2020ರ ಕೊನೆಯವರೆಗೂ ಕಾಯಬೇಕಾಯಿತು. ಗೆದ್ದೂ ಅಧಿಕಾರ ಇಲ್ಲದ ಸದಸ್ಯರು!

ಅದರಿಂದ ಏನಾಯ್ತು?

ನಿಮ್ಮೂರ ಶಾಲೆ ಸೋರುತ್ತಿದೆ ಅಂದುಕೊಳ್ಳಿ. ಗ್ರಾಮ ಪಂಚಾಯಿತಿ ಸದಸ್ಯರು "ಇದು ನಮ್ ಕೈಲಿಲ್ಲಪ್ಪ, ಮೇಲೆ ಕೇಳ್ಬೇಕು" ಅಂತಾರೆ. ಆ 'ಮೇಲೆ' ಇರಬೇಕಾದವರು ನಿಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು. ಶಿಕ್ಷಣ ಮತ್ತು ಆರೋಗ್ಯ, ಸಾಮಾಜಿಕ ನ್ಯಾಯ, ಕೃಷಿ ಮತ್ತು ಕೈಗಾರಿಕೆಗೆ ಸ್ಥಾಯಿ ಸಮಿತಿಗಳಿರಬೇಕು ಅಂತ ಕಾಯ್ದೆ ಹೇಳುತ್ತದೆ. ಅಲ್ಲಿ ಅಧಿಕಾರಿಯನ್ನು ಎದುರು ಕೂರಿಸಿ ಪ್ರಶ್ನೆ ಕೇಳಬಹುದು. ಈಗ ಉಳಿದಿರುವುದು ಶಾಸಕರ ಮನೆ ಬಾಗಿಲು. ಓಟು ಹಾಕಿದವರ ಹಕ್ಕು ಅಲ್ಲಿ ಅರ್ಜಿಯಾಗಿಬಿಡುತ್ತದೆ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ಹಳ್ಳಿಯ ಹೆಣ್ಣುಮಗಳು, ದಲಿತ ಹುಡುಗ ದುಡ್ಡಿಲ್ಲದೆ ರಾಜಕೀಯ ಕಲಿಯುವ ಜಾಗ ಇದು. ಅರ್ಧ ಸೀಟು ಮಹಿಳೆಯರಿಗೆ ಅಂತ ಕಾಯ್ದೆ ಇದೆ, ಆದರೆ ಸೀಟೇ ಇಲ್ಲ.

ಕೂಡ್ಲಿಗಿಯಲ್ಲಿ ಗಾಂಧೀಜಿಯ ಚಿತಾಭಸ್ಮದ ಸ್ಮಾರಕವಿದೆ. ನಮ್ಮ ಜಿಲ್ಲೆ ಉದ್ಘಾಟನೆಯಾದದ್ದು ಗಾಂಧಿ ಜಯಂತಿಯಂದು. ಪಂಚಾಯತ್ ಕಾಯ್ದೆಯ ಹೆಸರಿಗೇ ಈಗ 'ಗ್ರಾಮ ಸ್ವರಾಜ್' ಸೇರಿಸಿದ್ದಾರೆ. ಹೆಸರು, ದಿನ, ಸ್ಮಾರಕ ಎಲ್ಲ ಇವೆ. ಮತಪೆಟ್ಟಿಗೆಯೊಂದು ಬರಬೇಕು.

ರೂಮ್‌ಮೇಟ್ ಎಲ್ಲ ಕೇಳಿ ನಕ್ಕ. ನಗಬೇಡ ಅಂದೆ. ನಿಮ್ಮ ಬೆಂಗಳೂರಿಗೂ 2020ರ ಸೆಪ್ಟೆಂಬರ್‌ನಿಂದ ಮೇಯರ್ ಇಲ್ಲ.