ಮಕ್ಕಳ ಡಿಸ್ಕಿನ ಸುಣ್ಣ: 1922ರ ತಪ್ಪು ಓದು, 1924ರ ಕಡೆಗಣಿತ ಸಾಕ್ಷ್ಯ

ಮಕ್ಕಳ ಬೆನ್ನುಮೂಳೆಯ ಡಿಸ್ಕಿನಲ್ಲಿ ಸುಣ್ಣ ಕಟ್ಟಿ, ಅದು ಹೊರಚಾಚುವ ಕಾಯಿಲೆಯ ಚರಿತ್ರೆಯನ್ನು 1922ರ ಕಾಲ್ವೆ–ಗಾಲಾಂ ಲೇಖನದಿಂದ ಆರಂಭಿಸುವವರಿದ್ದಾರೆ. ಇದನ್ನು ಒಪ್ಪಲಾಗದು. ಆ ಫ್ರೆಂಚ್ ವೈದ್ಯರು ವರ್ಣಿಸಿದ್ದು ವಯಸ್ಕ ರೋಗಿಯನ್ನು. ಮಗುವಿನಲ್ಲಿ ಡಿಸ್ಕಿನ ಸುಣ್ಣವನ್ನು ಮೊದಲು ವರದಿ ಮಾಡಿದ್ದು 1924ರಲ್ಲಿ, ಜರ್ಮನ್ ಶಿಶುವೈದ್ಯಕೀಯ ಪತ್ರಿಕೆಯೊಂದರಲ್ಲಿ ಬರೆದ ಬಾರೋನ್. ಎರಡನ್ನೂ ಒಂದೇ ಉಸಿರಿನಲ್ಲಿ ಉಲ್ಲೇಖಿಸಿ ಮುಂದೆ ಸಾಗುವವರು ಎರಡು ಬೇರೆ ಕಾಯಿಲೆಗಳನ್ನು ಒಂದಾಗಿಸುತ್ತಿದ್ದಾರೆ.

1922ರ ಲೇಖನದ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಕಾಲ್ವೆ ಕೆಲಸ ಮಾಡುತ್ತಿದ್ದ ಬೆರ್ಕ್, ಮೂಳೆ ಕ್ಷಯದ ರೋಗಿಗಳಿಗೆ ಹೆಸರಾದ ಕಡಲತೀರದ ಊರು. ಕ್ಷಯದ ಔಷಧಿ ಸ್ಟ್ರೆಪ್ಟೊಮೈಸಿನ್ ಇನ್ನೂ ಬಂದಿರದ ಕಾಲ. ಬೆನ್ನುಮೂಳೆಯ ಕ್ಷಯ ಎಂದು ತೀರ್ಮಾನವಾದರೆ ರೋಗಿ ಪ್ಲಾಸ್ಟರಿನಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮಲಗಬೇಕಿತ್ತು. ಕ್ಷಯವನ್ನು ಹೋಲುವ, ಆದರೆ ಕ್ಷಯವಲ್ಲದ ಸ್ಥಿತಿಯೊಂದಿದೆ ಎಂದು ಅಲ್ಲಿಂದ ಬಂದ ವರದಿ ದೊಡ್ಡ ಮಾತೇ. ಎಕ್ಸ್‌ರೇಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕ್ಷಯದಲ್ಲಿ ಡಿಸ್ಕಿನ ಜಾಗ ಕುಗ್ಗಿ, ಅಕ್ಕಪಕ್ಕದ ಕಶೇರುಗಳ ಅಂಚು ಸವೆದಿರುತ್ತದೆ. ಸುಣ್ಣಗಟ್ಟಿದ ಡಿಸ್ಕಿನಲ್ಲಿ ಅಂಚು ಸಾಮಾನ್ಯವಾಗಿ ನೇರವಾಗಿದ್ದು, ನಡುವಿನ ತಿರುಳಿನ ಜಾಗದಲ್ಲಿ ಬಿಳಿಯ ಗುಂಡು ನೆರಳು ಕೂತಿರುತ್ತದೆ.

ಬಾರೋನ್ ಡಿಸ್ಕ್ ಹೊರಚಾಚುವುದನ್ನು ಗಮನಿಸಲಿಲ್ಲ ಎಂಬ ಆಕ್ಷೇಪವೂ ನಿಲ್ಲದು. ಡಿಸ್ಕ್ ಹರಿದು ನರವನ್ನು ಒತ್ತುತ್ತದೆಂಬ ತಿಳಿವಳಿಕೆ ವೈದ್ಯಲೋಕದಲ್ಲಿ ಬೇರೂರಿದ್ದು 1934ರಲ್ಲಿ ಮಿಕ್ಸ್ಟರ್ ಮತ್ತು ಬಾರ್ ಬರೆದ ಮೇಲೆ. ಹತ್ತು ವರ್ಷ ಮೊದಲಿನ ಶಿಶುವೈದ್ಯನಿಂದ ಅದನ್ನು ನಿರೀಕ್ಷಿಸುವುದು ಅನ್ಯಾಯ.

ನಿಜವಾದ ತಕರಾರು ಇರುವುದು ಇಲ್ಲಿಯೇ. 1934ರ ಮಾದರಿಯನ್ನು ಮಕ್ಕಳ ಮೇಲೆ ಹೇರಿದವರು ಮಕ್ಕಳ ಡಿಸ್ಕಿನ ಸುಣ್ಣವನ್ನೂ ಸವೆತವೆಂದೇ ಎಣಿಸಿದರು. ಸಾಕ್ಷ್ಯ ಅದಕ್ಕೆ ವಿರುದ್ಧವಾಗಿದೆ. ವಯಸ್ಕರಲ್ಲಿ ಸುಣ್ಣ ಹೆಚ್ಚಾಗಿ ಎದೆಯ ಮಟ್ಟದ ಡಿಸ್ಕುಗಳಲ್ಲಿ ಕಾಣುತ್ತದೆ, ಉಳಿದೂ ಬಿಡುತ್ತದೆ. ಮಕ್ಕಳಲ್ಲಿ ನೋವು ಕೊಡುವ ಸುಣ್ಣ ಹೆಚ್ಚಾಗಿ ಕುತ್ತಿಗೆಯದು: ಕತ್ತು ಓರೆಯಾಗುತ್ತದೆ, ಕೆಲವರಿಗೆ ಜ್ವರ ಬರುತ್ತದೆ, ರಕ್ತದಲ್ಲಿ ಉರಿಯೂತದ ಸೂಚಕವಾದ ಇ.ಎಸ್.ಆರ್. ಏರುತ್ತದೆ. ಬಹುಪಾಲು ಮಕ್ಕಳ ನೋವು ಕೆಲವೇ ವಾರಗಳಲ್ಲಿ ಇಳಿಯುತ್ತದೆ. ತಿಂಗಳುಗಳ ನಂತರದ ಎಕ್ಸ್‌ರೇಗಳಲ್ಲಿ ಆ ಬಿಳಿ ನೆರಳು ಚೂರಾಗಿ, ಮಸುಕಾಗಿ, ಎಷ್ಟೋ ಬಾರಿ ಪೂರ್ತಿ ಮಾಯವಾಗುತ್ತದೆ. ನೋವೇ ಕೊಡದ ಸುಣ್ಣ ಮಾತ್ರ ಬಹುಕಾಲ ಹಾಗೇ ಉಳಿಯುವುದುಂಟು. ಸವೆದ ಡಿಸ್ಕ್ ಹೀಗೆ ನಡೆದುಕೊಳ್ಳುವುದಿಲ್ಲ. ಸುಣ್ಣ ಕರಗುವ ಹಂತದಲ್ಲೇ ತಿರುಳು ಉಬ್ಬಿ ಹೊರಚಾಚುತ್ತದೆ, ನೋವೂ ಆಗಲೇ ಬರುತ್ತದೆ ಎಂಬುದು ನನ್ನ ವಾದ. (ಕಾರಣ ಪೆಟ್ಟೋ ಸೋಂಕೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಎರಡೂ ಪಕ್ಷದವರು ತಮ್ಮ ಕೈಯಲ್ಲಿರುವ ಪುರಾವೆಗಿಂತ ಜೋರಾಗಿ ಮಾತಾಡಿದ್ದಾರೆ.)

ವೀನ್ಸ್ 1945ರಲ್ಲಿ, ಸಿಲ್ವರ್‌ಮನ್ 1954ರಲ್ಲಿ ಬಾಲ್ಯದ ಸುಣ್ಣವನ್ನೇ ವಿಷಯವಾಗಿಸಿ ಬರೆದರು. 1964ರಲ್ಲಿ ಐರಿಂಗ್ ಮತ್ತು ಸಂಗಡಿಗರು ಇದು ಬೇರೆಯದೇ ಆದ ಸಿಂಡ್ರೋಮ್ ಎಂದು ಸ್ಪಷ್ಟವಾಗಿ ಸಾರಿದರು. ನನ್ನ ಒಲವು ಇವರ ಕಡೆಗೆ, ಮುಚ್ಚಿಡುವಂಥದ್ದೇನಿಲ್ಲ.

ಕ್ಷಯ ಇಂದಿಗೂ ಮರೆಯಾಗದ ನಮ್ಮ ನಾಡಿನಲ್ಲಿ ಕುತ್ತಿಗೆ ಬಿಗಿದು ಜ್ವರದಿಂದ ಬಂದ ಮಗುವಿನ ಎಕ್ಸ್‌ರೇಯನ್ನು ಈ ಕಾಯಿಲೆ ನೆನಪಿಟ್ಟುಕೊಂಡು ನೋಡಬೇಕು. ಬೆನ್ನುಹುರಿ ಒತ್ತಿಹೋಗಿ ಕೈಕಾಲಿನ ಬಲ ಕುಂದುತ್ತಾ ಹೋದರೆ ಶಸ್ತ್ರಚಿಕಿತ್ಸೆಯ ಮಾತು ಬೇರೆ. ಅಂಥ ಮಕ್ಕಳು ವಿರಳ. ಪಠ್ಯಪುಸ್ತಕ ಬರೆಯುವವರು ಈ ಕಾಯಿಲೆಯನ್ನು ವಯಸ್ಕರ ಸವೆತದ ಅಧ್ಯಾಯದಿಂದ ಹೊರತೆಗೆದು, ಬಾರೋನ್ ಹೆಸರಿನಿಂದಲೇ ಅದರ ಚರಿತ್ರೆಯನ್ನು ಆರಂಭಿಸಲಿ.