ಇಂಗಾಲದ ನಾಳದಲ್ಲಿ ಎಲೆಕ್ಟ್ರಾನಿನ ಸ್ಪಿನ್

1925ರಲ್ಲಿ ಲೈಡನ್ ನಗರದ ತರುಣ ಭೌತವಿಜ್ಞಾನಿಗಳಾದ ಉಹ್ಲೆನ್‌ಬೆಕ್ ಮತ್ತು ಗೌಡ್‌ಸ್ಮಿಟ್ ಅವರು, ಹಿರಿಯರಾದ ಲೊರೆಂಟ್ಜರ ಆಕ್ಷೇಪಕ್ಕೆ ಅಂಜಿ ತಮ್ಮ ಲೇಖನವನ್ನು ಹಿಂತೆಗೆದುಕೊಳ್ಳಬಯಸಿದರೂ, ಗುರು ಎರೆನ್‌ಫೆಸ್ಟರು ಅದನ್ನು ಆಗಲೇ ಅಚ್ಚಿಗೆ ಕಳುಹಿಸಿದ್ದುದರಿಂದ, ಎಲೆಕ್ಟ್ರಾನಿಗೆ ಸ್ಪಿನ್ ಎಂಬ, ಪುಟ್ಟ ಕಾಂತದಂತೆ ವರ್ತಿಸುವ, ಸಹಜಗುಣವುಂಟೆಂಬ ವಿಚಾರವು ಲೋಕಕ್ಕೆ ತಿಳಿಯಿತು.

ಈ ಸ್ಪಿನ್ನನ್ನು ಹಿಡಿದಿಡಬಲ್ಲ ಒಂದು ನೆಲೆಯು ಮುಂದೆ ಇಂಗಾಲದಲ್ಲಿ ದೊರೆಯಿತು: 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಅವರು ಇಂಗಾಲದ ಅತಿಸೂಕ್ಷ್ಮ ಕೊಳವೆಗಳಾದ ನ್ಯಾನೊನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದರು. ಅಂತಹ ನಾಳವು ಅತಿಶೈತ್ಯದಲ್ಲಿ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹಿಡಿದಿಡುವ ಕ್ವಾಂಟಮ್ ಚುಕ್ಕೆಯಾಗಬಲ್ಲುದೆಂಬುದು 1997ರಲ್ಲಿ ಡೆಲ್ಫ್ಟ್ ಮತ್ತು ಬರ್ಕ್ಲಿಯ ಪ್ರಯೋಗಗಳಿಂದ ಸಿದ್ಧವಾಯಿತು. ಮರುವರ್ಷವೇ ಭೌತವಿಜ್ಞಾನಿಗಳಾದ ಲಾಸ್ ಮತ್ತು ಡಿವಿನ್ಸೆಂಜೊ ಅವರು ಚುಕ್ಕೆಯೊಳಗಿನ ಸ್ಪಿನ್ನನ್ನು ಕ್ಯೂಬಿಟ್ಟಾಗಿ, ಎಂದರೆ ಕ್ವಾಂಟಮ್ ಗಣಕದ ಮಾಹಿತಿಯ ಮೂಲಘಟಕವಾಗಿ, ಬಳಸುವ ಮಾರ್ಗವನ್ನು ಪ್ರಕಟಿಸಿದರು.

ನಿಸರ್ಗದ ಇಂಗಾಲದಲ್ಲಿ ನೂರಕ್ಕೆ ಸುಮಾರು 99 ಪಾಲು ಪರಮಾಣುಗಳ ನ್ಯೂಕ್ಲಿಯಸ್ಸಿಗೆ ಸ್ಪಿನ್ನೇ ಇಲ್ಲವಾದ್ದರಿಂದ, ಎಲೆಕ್ಟ್ರಾನಿನ ಸ್ಥಿತಿಯನ್ನು ಕದಡುವ ಕಾಂತೀಯ ಕ್ಷೋಭೆಯು ಇಲ್ಲಿ ಅತ್ಯಲ್ಪವಾದೀತೆಂದು ವಿದ್ವಾಂಸರು ಆಶಿಸಿದ್ದರು. ಆದರೆ 2008ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಪ್ರಯೋಗವು, ನಾಳದ ವಕ್ರತೆಯ ನಿಮಿತ್ತ ಸ್ಪಿನ್ನು ಎಲೆಕ್ಟ್ರಾನಿನ ಪರಿಭ್ರಮಣಕ್ಕೆ, ಮರಕ್ಕೆ ಬಳ್ಳಿ ಸುತ್ತಿಕೊಂಡಂತೆ, ಬಂಧಿತವಾಗಿರುವುದನ್ನು ತೋರಿಸಿತು. ಈ ಬಂಧನವನ್ನೇ ಸಾಧನವಾಗಿಸಿಕೊಂಡು, 2013ರಲ್ಲಿ ಡೆಲ್ಫ್ಟಿನ ಸಂಶೋಧಕರು ಬಾಗಿದ ನಾಳವೊಂದರ ಕ್ಯೂಬಿಟ್ಟನ್ನು ವಿದ್ಯುತ್ ಸ್ಪಂದನಗಳಿಂದಲೇ ನಿಯಂತ್ರಿಸಿದರು. ಅದರ ಸ್ಥಿತಿಯಾದರೋ ಒಂದು ಮೈಕ್ರೊಸೆಕೆಂಡಿಗಿಂತಲೂ ಬಹಳ ಅಲ್ಪಕಾಲದಲ್ಲಿ ಅಳಿಯುತ್ತಿದ್ದಿತು.